ಎಡಗೈಯ ಹೊಲಿಗೆ

ಚಿಕ್ಕಬಳ್ಳಾಪುರ ಜಿಲ್ಲೆಯಾದ ಮರುವರ್ಷ ಅಲ್ಲಿನ ಕಾಲೇಜೊಂದರಲ್ಲಿ ಹಳೆಯ ಕಲಾವಸ್ತುಗಳ ಪ್ರದರ್ಶನ ಏರ್ಪಾಡಾಯಿತು. ಮನೆಗಳಲ್ಲಿರುವ ಚಿತ್ರ, ಕೆತ್ತನೆ, ಕಸೂತಿ ಏನಿದ್ದರೂ ತನ್ನಿ, ಬೆಂಗಳೂರಿನ ತಜ್ಞರೊಬ್ಬರು ನೋಡಿ ಆರಿಸುತ್ತಾರೆ ಎಂದು ಡಂಗುರವೇ ಹೊಡೆಸಿದ್ದರು. ಶಿಡ್ಲಘಟ್ಟದಲ್ಲಿದ್ದ ನಮ್ಮ ಮಾಮು, ಅಂದರೆ ಅಮ್ಮನ ಅಣ್ಣ, ಅವತ್ತೇ ಬೀರು ತೆರೆದು ರೇಷ್ಮೆಯ ಪರದೆಯನ್ನು ಹೊರಗೆ ತೆಗೆದರು.

ಬಿಳಿ ರೇಷ್ಮೆಯ ಮೇಲೆ ಕಸೂತಿಯ ದಾಳಿಂಬೆ ಗಿಡ, ನಿಜವಾದ ದಾಳಿಂಬೆಯಲ್ಲಿ ಎಂದೂ ಕಾಣದ ಕಡುಗುಲಾಬಿ ಹೂಗಳು, ಬುಡದಲ್ಲಿ ಎರಡು ನವಿಲು. ಇನ್ನೂರು ವರ್ಷದ ಹಿಂದೆ ನವಾಬರು ನಮ್ಮ ಹಿರಿಯರಿಗೆ ಕೊಟ್ಟ ಕಾಣಿಕೆ ಎಂದು ಮಾಮು ಬಂದವರಿಗೆಲ್ಲ ಹೇಳುತ್ತಿದ್ದರು. ನಾನೂ ಅದನ್ನು ನಂಬಿಯೇ ಬೆಳೆದಿದ್ದೆ.

ಆಗ ನಾನು ರೇಷ್ಮೆ ನೂಲಿನ ಗುಣಮಟ್ಟ ನೋಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ರಜೆ ಹಾಕಿ ಮಾಮುವಿನ ಜೊತೆ ಹೋದೆ. ತಜ್ಞರು ಪರದೆಯನ್ನು ಮೇಜಿನ ಮೇಲೆ ಹರಡಿದ್ದೇ ತಡ, “ಅದ್ಭುತವಾದ ಕೆಲಸ” ಅಂದರು. ಮಾಮು ಎದೆಯುಬ್ಬಿಸಿ ನಿಂತರು. ಆಮೇಲೆ ತಜ್ಞರು ಕಿಟಕಿ ಮುಚ್ಚಿಸಿ, ಬ್ಯಾಗಿನಿಂದ ನೇರಳೆ ಬೆಳಕಿನ ಸಣ್ಣ ದೀಪವೊಂದನ್ನು ತೆಗೆದು ಬಟ್ಟೆಯ ಮೇಲೆ ಹಿಡಿದರು. ಬಿಳಿ ರೇಷ್ಮೆ ಇಡೀ ನೀಲಿಯಾಗಿ ಹೊಳೆಯಿತು.

“ಬಟ್ಟೆ ಬೆಳ್ಳಗೆ ಕಾಣಲಿ ಅಂತ ಹಾಕೋ ಕೆಮಿಕಲ್ ಇದು. ಈಚೆಗೆ ಬಂದದ್ದು. ಹಳೇ ಬಟ್ಟೆ ಹೀಗೆ ಹೊಳೆಯಲ್ಲ,” ಅಂದು ದೀಪ ಆರಿಸಿದರು. “ನಕಲು ಮಾಡಿ ಹಳೇದು ಅಂತ ತರೋರು ಬಹಳ ಜನ ಇದ್ದಾರೆ ಸಾಹೇಬ್ರೆ. ತಗೊಂಡು ಹೋಗಿ.”

ಸಾಲಿನಲ್ಲಿದ್ದವರೆಲ್ಲ ನಮ್ಮನ್ನೇ ನೋಡಿದರು. ಮಾಮು ತಲೆ ತಗ್ಗಿಸಿ ಬಟ್ಟೆ ಮಡಚತೊಡಗಿದರು. ನನಗೆ ಮೈಯೆಲ್ಲ ಉರಿಯಿತು.

“ಸರ್, ನಾನು ರೇಷ್ಮೆ ಲ್ಯಾಬಲ್ಲಿದ್ದೀನಿ. ಒಂದು ಸಲ ಆ ದೀಪ ಕೊಡ್ತೀರಾ?” ಅಂದೆ.

“ರೇಷ್ಮೆ ಗೂಡು ನೋಡೋದು ಬೇರೆ, ಕಲೆ ನೋಡೋದು ಬೇರೆ ಕಣಮ್ಮ,” ಅಂದರು.

ಬಸ್ಸಿನಲ್ಲಿ ಮಾಮು ಪರದೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮನೆಗೆ ಬಂದವರೇ ಪರದೆಯನ್ನು ಬೀರುವಿಗೆ ತುರುಕಿದರು. ಎಂಬತ್ತು ದಾಟಿದ್ದ ನಮ್ಮ ನಾನಿ, ಮಾಮುವಿನ ತಾಯಿ, ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕೇಳಿದೆ.

“ನಾನಿ, ಆ ಪರದೇನ ಯಾವತ್ತಾದ್ರೂ ಒಗೆದಿದ್ರಾ?”

ನಾನಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಿನ್ನ ಮಾಮುನ ಮದುವೇಲಿ ಗೋಡೆಗೆ ಕಟ್ಟಬೇಕಿತ್ತು. ಧೂಳು ಹಿಡಿದಿತ್ತು. ಸೋಪಿನ ಪುಡೀಲಿ ನೆನೆಸಿಬಿಟ್ಟೆ ಕಣೇ. ಹೂವಿನ ಬಣ್ಣನೂ ಒಂಚೂರು ಬಿಡ್ತು. ಯಾರಿಗೂ ಹೇಳಿರಲಿಲ್ಲ.”

ಸೋಪಿನ ಪುಡಿಯಲ್ಲೂ ಹೊಳೆಯುವ ಆ ರಾಸಾಯನಿಕವೇ ಇರುತ್ತದೆ. ಆದರೆ ಬಾಯಿಮಾತನ್ನು ಆ ತಜ್ಞರು ನಂಬುವವರಲ್ಲ. ಒಗೆಯದ ತುಂಡೇನಾದರೂ ಉಳಿದಿದೆಯಾ ಎಂದೆ. ನಾನಿ ಎದ್ದು ಹೋಗಿ ಮನೆಯ ಕುರಾನಿನ ಗವಸನ್ನು ತಂದರು. ಆ ಮದುವೆಗೆ ಮುಂಚೆಯೇ ಪರದೆಯ ಅಂಚು ಕತ್ತರಿಸಿ ಅವರೇ ಹೊಲಿದ ಗವಸು. ಮರ್ಯಾದೆಯಿಂದ ಎತ್ತಿಟ್ಟದ್ದಕ್ಕೆ ನೀರು ತಾಗಿರಲಿಲ್ಲ.

ಪೇಟೆಯ ಬಟ್ಟೆ ಅಂಗಡಿಯಲ್ಲಿ ನಕಲಿ ನೋಟು ನೋಡುವ ದೀಪವಿತ್ತು. ಎರಡನ್ನೂ ಒಯ್ದು ಅದರಡಿ ಹಿಡಿದೆ. ಪರದೆ ಹೊಳೆಯಿತು. ಗವಸು ಮಂಕಾಗಿಯೇ ಇತ್ತು. ಅಂಗಡಿಯವರ ಮುಂದೆಯೇ ಜೋರಾಗಿ ನಕ್ಕುಬಿಟ್ಟೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಮಾಮುಗೆ ಸಂತೋಷವಾಗುತ್ತಿತ್ತು. ನಾನು ನಿಲ್ಲಿಸಲಿಲ್ಲ. ನಾನಿ ಹೇಳಿದ್ದ ಬಣ್ಣದ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಚಿಂತಾಮಣಿಯಲ್ಲಿ ನನಗೆ ರಸಾಯನಶಾಸ್ತ್ರ ಕಲಿಸಿದ್ದ ಮೇಡಂ ಹತ್ತಿರ ಬೆರಳ ಗೆಣ್ಣಿನಷ್ಟು ಗುಲಾಬಿ ದಾರ ಒಯ್ದೆ. ಅವರು ಅದನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಬಿಟ್ಟ ಬಣ್ಣದ ಒಂದು ಚುಕ್ಕೆಯನ್ನು ಸೋಸುವ ಕಾಗದದ ಮೇಲಿಟ್ಟರು. ಪಕ್ಕದಲ್ಲಿ ಅವರ ಲ್ಯಾಬಿನಲ್ಲಿದ್ದ ಕಾರ್ಖಾನೆ ಬಣ್ಣದ ಚುಕ್ಕೆ. ಕಾಗದದ ತುದಿಯನ್ನು ದ್ರಾವಣದಲ್ಲಿ ಅದ್ದಿದಾಗ ಎರಡೂ ಚುಕ್ಕೆಗಳು ಒಂದೇ ಎತ್ತರಕ್ಕೆ ಏರಿ ನಿಂತವು.

“ಬೇರಿಂದಲೋ ಹುಳದಿಂದಲೋ ತೆಗೆದ ಬಣ್ಣ ಅಲ್ಲಮ್ಮ ಇದು,” ಅಂದರು ಮೇಡಂ. “ನಿಮ್ಮ ನವಾಬರ ಕಾಲಕ್ಕೆ ಈ ಬಣ್ಣ ಲೋಕದಲ್ಲೇ ಇರಲಿಲ್ಲ. ಅದು ಬಂದ ಮೇಲೆ ಹೊಲಿದದ್ದು ಅಂತ ಮಾತ್ರ ಹೇಳಬಹುದು. ಯಾವ ವರ್ಷ ಅಂತ ನನ್ನ ಕೇಳಬೇಡ.”

ನಮ್ಮ ಲ್ಯಾಬಿನ ಸೂಕ್ಷ್ಮದರ್ಶಕದಲ್ಲೂ ನೋಡಿದೆ. ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು, ಕೈಚರಕದಲ್ಲಿ ತೆಗೆದದ್ದು. ಅದರಿಂದ ಕಾಲ ತಿಳಿಯದು, ನಮ್ಮೂರಲ್ಲಿ ಇವತ್ತಿಗೂ ಚರಕ ತಿರುಗುತ್ತದೆ. ಆದರೆ ಹೊಲಿಗೆಗಳೆಲ್ಲ ನನ್ನ ಹೊಲಿಗೆಗೆ ವಿರುದ್ಧವಾಗಿ ವಾಲಿದ್ದವು. ಬೇರೆ ಬಟ್ಟೆಯಲ್ಲಿ ಬಲಗೈಯಿಂದ ಹತ್ತು ಹೊಲಿಗೆ ಹಾಕಿದೆ, ಎಡಗೈಯಿಂದ ಹತ್ತು. ಎಡಗೈಯವು ಸೊಟ್ಟಪಟ್ಟ ಬಂದರೂ ಪರದೆಯ ಹಾಗೇ ವಾಲಿದವು.

ಮಧ್ಯಾಹ್ನ ಊಟವಾದ ಮೇಲೆ ಎಲ್ಲವನ್ನೂ ಮಾಮು, ನಾನಿ ಇಬ್ಬರಿಗೂ ಹೇಳಿದೆ. ಮಾಮುವಿನ ಮುಖ ಕಪ್ಪಿಟ್ಟಿತು. “ಸೋಪಿನ ವಿಷಯ ಹೇಳು. ಬಣ್ಣದ್ದು ಎತ್ತಬೇಡ. ಅರ್ಧ ಮಾನ ಹೋಗಿದೆ, ಉಳಿದದ್ದನ್ನ ನೀನು ಕಳೀಬೇಡ.”

“ಅರ್ಧ ಮುಚ್ಚಿಟ್ರೆ ಅವರು ಅಂದದ್ದೇ ನಿಜ ಆಗುತ್ತೆ ಮಾಮು. ನಾನು ಎರಡೂ ಹೇಳ್ತೀನಿ.”

“ನಮ್ಮಮ್ಮ ಎಡಗೈಯವರು,” ಅಂದರು ನಾನಿ, ಇದ್ದಕ್ಕಿದ್ದಂತೆ. “ಎಡಗೈಲಿ ಸೂಜಿ ಹಿಡೀತಾಳೆ ಅಂತ ಎಲ್ಲರ ಹತ್ರ ಬೈಸಿಕೊಳ್ತಿದ್ರು. ಇದೇ ಊರಲ್ಲಿ ಈ ನವಿಲು ಹೊಲಿಯುವಾಗ ನಾನೇ ಪಕ್ಕದಲ್ಲಿ ಕೂತು ದಾರ ಪೋಣಿಸಿಕೊಟ್ಟಿದ್ದೀನಿ.”

ಮಾಮು ತಾಯಿಯ ಕಡೆ ತಿರುಗಿದರು. “ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಮ್ಮಿ?”

“ಯಾರು ಕೇಳಿದ್ರು? ನಿಮ್ಮಪ್ಪ ನವಾಬ ಅಂತ ಶುರು ಮಾಡಿದ್ರೆ ಗಂಡಸರೆಲ್ಲ ಕೂತು ಕೇಳೋರು. ನಮ್ಮಮ್ಮ ಹೊಲಿದದ್ದು ಅಂದಿದ್ರೆ ಟೀ ಕುಡಿದು ಎದ್ದು ಹೋಗೋರು.”

ಮಾಮು ಬರಲಿಲ್ಲ. ನಾನೊಬ್ಬಳೇ ಮತ್ತೆ ಚಿಕ್ಕಬಳ್ಳಾಪುರಕ್ಕೆ ಹೋದೆ. ತಜ್ಞರು ಪ್ರಿನ್ಸಿಪಾಲರ ಜೊತೆ ವಸ್ತುಗಳನ್ನು ಜೋಡಿಸುತ್ತಿದ್ದರು. ಅಪ್ಪಣೆ ಕೇಳದೆ ಪರದೆಯನ್ನೂ ಗವಸನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು, “ಈಗ ದೀಪ ಹಾಕಿ ಸರ್” ಅಂದೆ. ಹಾಕಿದರು. ಮೇಡಂ ಕೊಟ್ಟ ಕಾಗದ ತೋರಿಸಿದೆ. ಹೊಲಿಗೆಗಳನ್ನು ತೋರಿಸಿದೆ. ನಾನಿ ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದೆ.

ಅವರು ಬಹಳ ಹೊತ್ತು ಭೂತಗನ್ನಡಿ ಹಿಡಿದು ಬಾಗಿ ನೋಡಿದರು. “ಸೋಪಿನ ವಿಷಯ ನಾನು ಯೋಚಿಸಬೇಕಿತ್ತು. ತಪ್ಪಾಯ್ತು,” ಅಂದರು. ಕೆಟ್ಟ ಮನುಷ್ಯರಲ್ಲ. ಆದರೆ ಅಲ್ಲಿಗೇ ಬಿಡಲಿಲ್ಲ. “ಹಾಗಾದ್ರೆ ಇದು ಮನೆ ಹೆಂಗಸರ ಕೈಕೆಲಸ ಅಂದ ಹಾಗಾಯ್ತು. ಇಲ್ಲಿ ಇಡ್ತಿರೋದು ಕಲಾವಸ್ತುಗಳು.”

“ದೀಪ ಹಾಕೋಕೆ ಮುಂಚೆ ನೀವೇ ಅದ್ಭುತ ಅಂದಿರಿ ಸರ್. ಆ ನವಿಲೇ ಇದು.”

ಪ್ರಿನ್ಸಿಪಾಲರು ನಡುವೆ ಬಂದು, ವರಾಂಡದ ಗೋಡೆಗೆ ಕಟ್ಟೋಣ, ಜಗಳ ಯಾಕೆ ಅಂದರು.

“ವರಾಂಡದಲ್ಲಿ ಬಿಸಿಲು ಬೀಳುತ್ತೆ. ಈ ಬಣ್ಣ ಬಿಸಿಲಿಗೆ ತಡೆಯಲ್ಲ. ಒಳಗಡೆ ಇಡಿ, ಇಲ್ಲಾಂದ್ರೆ ವಾಪಸ್ ಒಯ್ತೀನಿ,” ಅಂದೆ. ಧ್ವನಿ ಅಷ್ಟು ಗಟ್ಟಿಯಾಗಿ ಬಂದದ್ದು ನನಗೇ ಆಶ್ಚರ್ಯ. ತಜ್ಞರು ಒಮ್ಮೆ ನನ್ನನ್ನು, ಒಮ್ಮೆ ಬಟ್ಟೆಯನ್ನು ನೋಡಿ, “ಒಳಗೇ ಇಡಿಸಿ,” ಅಂದರು.

ಪರದೆಯ ಪಕ್ಕ ಅಂಟಿಸಿದ ಚೀಟಿಯ ಮೇಲೆ ‘ಹೆಸರು ತಿಳಿಯದ ಕಲಾವಿದ’ ಎಂದು ಟೈಪ್ ಮಾಡಿಸಿಟ್ಟಿದ್ದರು. ಅದನ್ನು ಕಿತ್ತು, ನಾನಿಯ ತಾಯಿಯ ಹೆಸರನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಅಂಟಿಸಿದೆ. ಕೆಳಗೆ, ಶಿಡ್ಲಘಟ್ಟದಲ್ಲಿ ಎಡಗೈಯಿಂದ ಹೊಲಿದದ್ದು ಎಂದು ಸೇರಿಸಿದೆ. ಯಾರೂ ತಡೆಯಲಿಲ್ಲ.

ಪ್ರದರ್ಶನದ ಎರಡನೆಯ ದಿನ ಮಾಮುವೇ ನಾನಿಯನ್ನು ಕರೆದುಕೊಂಡು ಬಂದರು. ಚೀಟಿಯನ್ನು ಎರಡು ಸಲ ಓದಿದರು. ನಾನಿ ಸೀದಾ ಮುಂದೆ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಹೋಗಿ ನವಿಲಿನ ಮೇಲೆ ಅಂಗೈ ಇಟ್ಟರು.

“ಮುಟ್ಟಬಾರದು ಅಜ್ಜಿ,” ಎಂದು ಕಾವಲಿನವರು ಓಡಿ ಬಂದರು.

“ನಮ್ಮಮ್ಮನದು ಕಣಪ್ಪ,” ಅಂದರು ನಾನಿ. ಕೈ ತೆಗೆಯಲಿಲ್ಲ.