ಎದುರುಮನೆ ಆಯಿಯ ಮಾಲೀಶು

ಮೊನ್ನೆ ಕೆಳಗಿನ ಮನೆಯಲ್ಲಿ ಬಾಣಂತಿಗೆಂದು ಕುಸುಬಿ ಎಣ್ಣೆಗೆ ಬೆಳ್ಳುಳ್ಳಿ, ಅಜವಾನ ಹಾಕಿ ಕಾಸುತ್ತಿದ್ದರು. ವಾಸನೆ ಮೆಟ್ಟಿಲೇರಿ ನನ್ನ ಹಾಸಿಗೆಯವರೆಗೂ ಬಂತು. ಅರೆನಿದ್ದೆಯಲ್ಲಿದ್ದ ನನಗೆ ಎದುರುಮನೆಯ ಆಯಿಯೇ ಬಂದು ಕೂತಳೆನಿಸಿತು...

ಆಯಿ ಕಲಬುರಗಿ ಕಡೆಯವಳು. ಮಗ ಕಟ್ಟಡದ ಕೆಲಸಕ್ಕೆಂದು ನಾನಿರುವ ಶಂಶಾಬಾದಿಗೆ ಬಂದಾಗ ಜೊತೆಗೇ ಬಂದಿದ್ದಳು. ಕೂಸು-ಬಾಣಂತಿಯರಿಗೆ ಎಣ್ಣೆ ತಿಕ್ಕಿ ಎರೆಯುವುದು ಅವಳ ಕಸುಬು. ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಗೊತ್ತಾಗಿ, ನಾನು ವಿಮಾನ ನಿಲ್ದಾಣದ ಕೆಲಸ ಬಿಟ್ಟ ವರ್ಷ ಅದು. ನರಗಳ ಮೇಲಿನ ಪೊರೆ ಸವೆಯುವ ಕಾಯಿಲೆ. ಕಾಲು ತೊಲೆಯಂತೆ ಸೆಟೆದು ನಿದ್ದೆಗೆಡಿಸುತ್ತಿತ್ತು. ಮಾಲೀಶಿನಿಂದ ಗುಣವಾಗುವುದಿಲ್ಲ, ಬಿಗಿತ ಸಡಿಲಾಗಬಹುದು ಅಷ್ಟೇ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನನಗೆ ಅಷ್ಟು ಸಿಕ್ಕರೂ ಸಾಕಾಗಿತ್ತು.

ಮಧ್ಯಾಹ್ನ ಇಂಥದೇ ಕಾಸಿದ ಎಣ್ಣೆ ಹಿಡಿದು ಬಂದು, ನನ್ನ ಕಾಲನ್ನು ತನ್ನ ಕಾಲಮೇಲಿಟ್ಟುಕೊಂಡು, ಮೀನಖಂಡದಿಂದ ತೊಡೆಯವರೆಗೆ ಮೆಲ್ಲಗೆ ನೀವುವಳು. ಕೂಸುಗಳಿಗೆ ಹೇಳುವಂತೆ, ನಲವತ್ತು ದಾಟಿದ ನನಗೂ ಉದ್ದ ಬೆಳೆಯೆಂದು ಹರಸುವಳು. ನಾನೇನು ತೊಟ್ಟಿಲ ಕೂಸೇ ಎಂದರೆ, ಎಣ್ಣೆ ಹಚ್ಚಿಸಿಕೊಳ್ಳುವವರೆಲ್ಲ ಕೂಸೇ ಎನ್ನುವಳು. ನಗುತ್ತಲೇ ನಿದ್ದೆಗೆ ಜಾರುತ್ತಿದ್ದೆ... ಎಷ್ಟು ಕಾಲದಿಂದ ಬಾಕಿ ಉಳಿದ ನಿದ್ದೆಯೋ.

ಒಂದು ದಿನ, ಎರೆಯದೆ ಬಿಟ್ಟರೆ ಮಾಲೀಶು ಅರ್ಧವಾದಂತೆ ಎಂದು ಪಟ್ಟು ಹಿಡಿದು, ಬಾಣಂತಿಗೆ ಎರೆಯುವ ಹಾಗೆ ಸುಡುನೀರು ಎರೆದಳು. ನನಗದು ಆಗಿಬರಲಿಲ್ಲ. ಕಣ್ಣು ಮಂಜಾಗಿ, ಕಾಲಿನ ಹಿಡಿತ ತಪ್ಪಿ ಬಚ್ಚಲಲ್ಲೇ ಕುಸಿದೆ. ಈ ಕಾಯಿಲೆಗೆ ಶಾಖ ಆಗದು, ಮೈ ತಣಿದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಸಂಜೆಗೆ ಸರಿಹೋದೆ ಕೂಡ. ಆದರೆ ಆಯಿ ಬರುವುದನ್ನೇ ಬಿಟ್ಟಳು. ಕೂಸುಗಳಿಗೆ ಎರೆಯಲೂ ಹೋಗುತ್ತಿಲ್ಲವೆಂದು ಕೇಳಿಬಂತು.

ನನಗೆ ತಡೆಯಲಾಗಲಿಲ್ಲ. ಗೋಡೆ ಹಿಡಿದು ಹಿಡಿದು ಎದುರುಮನೆಗೆ ಹೋದೆ. ಹೊಸ್ತಿಲ ಬಳಿ ಕೈಕಟ್ಟಿ ಕೂತಿದ್ದಳು.

"ನನ್ನ ಕೈ ಮ್ಯಾಲ ನನಗ ಭರವಸಿ ಹೋಗೈತಿ, ತಂಗಿ," ಎಂದಳು.

ಪಕ್ಕದಲ್ಲಿ ಕೂತು, ಕಾಲನ್ನು ಎರಡೂ ಕೈಯಿಂದ ಎತ್ತಿ ಅವಳ ಮಡಿಲಲ್ಲಿಟ್ಟೆ. "ನನಗ ಹೋಗಿಲ್ಲ, ಆಯಿ. ಸುಡೋ ನೀರು ಒಂದು ಬ್ಯಾಡ, ಅಷ್ಟ."

ಕಟ್ಟಿದ್ದ ಕೈ ಮೆಲ್ಲಗೆ ಬಿಚ್ಚಿದಳು... ಆಮೇಲೆ ಕೈ ತಾನಾಗಿಯೇ ನನ್ನ ಕಾಲಮೇಲೆ ಬಂತು. ನನಗೆ ಅಳು ಬಂದುಬಿಟ್ಟಿತು. ಮರುದಿನದಿಂದ ಕಾಸದ ಎಣ್ಣೆ ತಂದಳು, ಮತ್ತೆ ಕೂಸುಗಳ ಮನೆಗೂ ಹೊರಟಳು.

ಕೆಲವು ವರ್ಷಗಳ ನಂತರ ಮಗನ ಕೆಲಸ ಮುಗಿದು ಊರಿಗೆ ಹೊರಟ ದಿನ, ಆಯಿ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಆ ಹೊತ್ತಿಗೆ ಜೋಮು ನನ್ನ ಬೆರಳುಗಳಿಗೂ ಏರಿತ್ತು. ಮುಂದಿನ ಚಳಿಗಾಲದಲ್ಲಿ ಅವಳು ತೀರಿಕೊಂಡ ಸುದ್ದಿ ಬಂತು.

ಈಗ ಫಿಸಿಯೋಥೆರಪಿ ಓದಿದ ಹುಡುಗಿಯೊಬ್ಬಳು ಬರುತ್ತಾಳೆ. ಕೆಲಸ ಬಲ್ಲವಳು, ಕಾಲೂ ಸಡಿಲಾಗುತ್ತದೆ. ಆದರೂ ಕಣ್ಣು ಮುಚ್ಚಿದರೆ ಆ ಕೊನೆಯ ದಿನವೇ ಬರುತ್ತದೆ. ಆಯಿಯ ಕೈ ಅಂದು ಬೆಚ್ಚಗಿತ್ತೋ ತಣ್ಣಗಿತ್ತೋ ನನಗೆ ಗೊತ್ತಾಗಲಿಲ್ಲ. ಹಿಡಿದಿದ್ದಾಳೆಂಬುದನ್ನು ಕಣ್ಣಿಂದ ನೋಡಿಯೇ ತಿಳಿದೆ.