ಒಂದು ನಮಸ್ಕಾರದಷ್ಟು ಹೊತ್ತು

ಟಿವಿಗೆ ಎಡೆ ಹಿಡಿದದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ? ಕಳೆದ ಭಾನುವಾರ ಸಂಜೆ ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ನಾನು ನೋಡಿದೆ.

ನಗಬೇಡಿ. ನಗುವ ವಿಷಯವಲ್ಲ.

ನಮ್ಮ ಪಕ್ಕದ ಮನೆಯ ಸರೋಜಕ್ಕನ ಯಜಮಾನರು ನಿಂಗಣ್ಣ, ಸಿನಿಮಾ ನಟ. ಹೆಸರು ಹೇಳಿದರೆ ನಿಮಗೆ ಗೊತ್ತಾಗಲಿಕ್ಕಿಲ್ಲ. ಮುಖ ನೋಡಿದರೆ ‘ಅಯ್ಯೋ, ಇವರಾ!’ ಅನ್ನುತ್ತೀರಿ. ನಾಯಕಿಯ ಅಪ್ಪ, ಊರ ಗೌಡ, ಪ್ರಾಮಾಣಿಕ ಹವಾಲ್ದಾರ ಇಂಥವೇ ಪಾತ್ರಗಳು. ಹೆಚ್ಚುಕಡಿಮೆ ಎಲ್ಲ ಸಿನಿಮಾದಲ್ಲೂ ಇಂಟರ್ವಲ್‌ಗೆ ಮುಂಚೆಯೇ ಸಾಯುತ್ತಿದ್ದರು. ಹೋದ ಚಳಿಗಾಲದಲ್ಲಿ ನಿಜವಾಗಿಯೂ ಹೋಗಿಬಿಟ್ಟರು.

ಕಳೆದ ತಿಂಗಳು ಒಂದು ಚಾನೆಲ್‌ನಿಂದ ಫೋನ್ ಬಂತು. ಸಿನಿಮಾ ಪ್ರಶಸ್ತಿ ಸಮಾರಂಭದಲ್ಲಿ ಈ ವರ್ಷ ಅಗಲಿದವರನ್ನು ನೆನೆಯುತ್ತೇವೆ, ಒಳ್ಳೆಯ ಫೋಟೋ ಇದ್ದರೆ ಕಳಿಸಿ ಅಂತ. ಸರೋಜಕ್ಕ ಹಾವೇರಿಯ ಸ್ಟುಡಿಯೋದವರೆಗೆ ಹೋಗಿ, ಹಳೆಯ ಫೋಟೋವೊಂದನ್ನು ಚೊಕ್ಕ ಮಾಡಿಸಿ ಕಳಿಸಿದರು.

ಆಕೆಗೆ ಅಷ್ಟೊಂದು ಉಮೇದು ಯಾಕೆ? ಅದಕ್ಕೊಂದು ಹಿಂದಿನ ಕಥೆಯಿದೆ. ಬಹಳ ವರ್ಷಗಳ ಹಿಂದೆ ನಿಂಗಣ್ಣನಿಗೆ ಇಂಥದೇ ಸಮಾರಂಭದಲ್ಲಿ ಪೋಷಕ ನಟ ಪ್ರಶಸ್ತಿ ಬಂದಿತ್ತು. ಅವರು ಪ್ರಶಸ್ತಿ ತೆಗೆದುಕೊಂಡು ಊರಿಗೆ ಬಂದ ಮೇಲೆ ಅದು ಟಿವಿಯಲ್ಲಿ ಬಂತು, ನೋಡಲು ಇಡೀ ಓಣಿ ಅವರ ಮನೆಯಲ್ಲಿ ಸೇರಿತ್ತು. ಹೀರೋ ಕುಣಿದ. ಹೀರೋಯಿನ್ ಕುಣಿದಳು. ನಿರೂಪಕ ಯಾರದೋ ಹೊಟ್ಟೆಯ ಬಗ್ಗೆ ಜೋಕ್ ಮಾಡಿದ. ಜಾಹೀರಾತಿಗಂತೂ ಲೆಕ್ಕವೇ ಇಲ್ಲ. ನಿಂಗಣ್ಣ ಮಾತ್ರ ಬರಲಿಲ್ಲ. ಕೊನೆಗೆ ಪರದೆಯ ತಳದಲ್ಲಿ ಹೆಸರೊಂದು ಓಡಿ ಹೋಯಿತು.

“ಹೋಗ್ಲಿ ಬಿಡ್ರಿ, ಇಲ್ಲೂ ನಾ ಇಂಟರ್ವಲ್ ಮುಂಚೇನ ಸತ್ತೆ” ಅಂತ ನಿಂಗಣ್ಣ ನಕ್ಕರು. ಎಲ್ಲರಿಗೂ ಹೋಳಿಗೆ ಮಾಡಿಟ್ಟಿದ್ದ ಸರೋಜಕ್ಕ ನಗಲಿಲ್ಲ.

ಆದರೆ ಇದ್ದದ್ದನ್ನು ಇದ್ದಂಗೇ ಹೇಳಬೇಕು. ಈ ಕಾರ್ಯಕ್ರಮಗಳು ಸುಧಾರಿಸಿವೆ. ಒಮ್ಮೆಲೇ ಅಲ್ಲ, ನಿಧಾನವಾಗಿ. ಈಗ ಸೌಂಡ್ ಮಾಡಿದವರು, ಬಟ್ಟೆ ಹೊಲಿದವರು, ಕ್ಯಾಮೆರಾ ಹಿಡಿದವರು ವೇದಿಕೆ ಹತ್ತುವುದು ನಮಗೂ ಕಾಣಿಸುತ್ತದೆ. ಮಾತಿನ ನಡುವೆ ಮ್ಯೂಸಿಕ್ ಹಾಕಿ ಕೆಳಗಿಳಿಸುವುದು ಕಡಿಮೆಯಾಗಿದೆ. ಹೊಟ್ಟೆಯ ಜೋಕ್ ಮಾಡುವ ನಿರೂಪಕರಿಗೂ ಬುದ್ಧಿ ಬಂದಿದೆ. (ಎಲ್ಲರಿಗೂ ಬಂದಿದೆ ಅಂತ ಪ್ರಮಾಣ ಮಾಡಲಾರೆ.) ಸತ್ತವರನ್ನು ನೆನೆಯುವ ಪದ್ಧತಿಯೂ ಈಚಿನದೇ. ಮೊದಲು ಆ ಯೋಚನೆಯಾದರೂ ಎಲ್ಲಿತ್ತು?

ಭಾನುವಾರ ನಾನು ಹೋದಾಗ ಟಿವಿಯ ಮುಂದೆ ಬಾಳೆ ಎಲೆ ಹಾಸಿತ್ತು. ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ನಿಂಗಣ್ಣನಿಗೆ ಪ್ರಾಣವಾಗಿದ್ದ ಕೆಂಪು ಚಟ್ನಿ. ಮೆಣಸಿನಕಾಯಿಯನ್ನು ಸರೋಜಕ್ಕನ ತಮ್ಮ ಬಸವರಾಜ ಬ್ಯಾಡಗಿಯಿಂದ ತಂದಿದ್ದ. ತೀರಿಹೋದವರ ಫೋಟೋಕ್ಕೆ ಅವರಿಗೆ ಸೇರುತ್ತಿದ್ದ ಅಡುಗೆಯ ಎಡೆ ಹಿಡಿದು, ನಮಸ್ಕಾರ ಮಾಡಿ, ಆಮೇಲೆ ಮನೆಯವರು ಉಣ್ಣುವುದು ನಮ್ಮಲ್ಲಿ ರೂಢಿ.

“ಅಕ್ಕಾರ, ಫೋಟೋ ಗೋಡಿ ಮ್ಯಾಲೆ ಐತಲ್ರಿ. ಎಡಿ ಟಿವಿ ಮುಂದ ಯಾಕ್ರಿ?” ಅಂದೆ.

“ಇವತ್ತ ಅವ್ರು ಅದರಾಗ ಬರ್ತಾರಲ್ಲೋ ತಮ್ಮಾ. ಬಂದವ್ರನ್ನ ಬರೇ ಹೊಟ್ಟೀಲೆ ಕಳಸಬೇಕೇನು?”

ನಾನೂ ಎಲೆಯ ಪಕ್ಕ ಕೂತೆ.

ಕಾದೆವು. ಡ್ಯಾನ್ಸ್ ಮೇಲೆ ಡ್ಯಾನ್ಸ್. ಎಡೆ ಆಗುವವರೆಗೆ ಯಾರೂ ಉಣ್ಣುವಂತಿಲ್ಲ. ಕೊನೆಗೂ ವೇದಿಕೆಯ ದೀಪಗಳು ಮಂದವಾದವು, ಕೊಳಲು ಶುರುವಾಯಿತು. ಸರೋಜಕ್ಕ ಕರ್ಪೂರ ಹಚ್ಚಿದರು. ಕೊಳಲು ನಿಧಾನ, ಫೋಟೋಗಳು ಮಾತ್ರ ದಡಬಡ.

“ಬಂದ್ರು! ಮಾವಾರು ಬಂದ್ರು!” ಬಸವರಾಜ ಕೂಗಿದ.

ಸರೋಜಕ್ಕ ಹಣೆಯನ್ನು ನೆಲಕ್ಕೆ ಹಚ್ಚಿದರು. ಅವರು ಬಗ್ಗಿದ ಮೇಲೆ ನಾವು ಕತ್ತು ಎತ್ತಿ ಕೂರುವುದು ಹೇಗೆ? ಎಲ್ಲರೂ ಬಗ್ಗಿದೆವು. ತಲೆ ಎತ್ತಿದಾಗ ಟೂತ್‌ಪೇಸ್ಟ್ ಜಾಹೀರಾತು.

“ಹೆಂಗ ಕಂಡ್ರು? ಚಲೋ ಕಂಡ್ರೇನು?” ಸರೋಜಕ್ಕ ಒಬ್ಬೊಬ್ಬರ ಮುಖ ನೋಡಿದರು.

“ಸರಿಯಾಗಿ ನೋಡಾಕ ಆಗಲಿಲ್ಲಕ್ಕಾ. ಭಾಳ ಲಗೂ ಹೋತು” ಅಂದ ಬಸವರಾಜ.

ಆಕೆ ನಮಗೆಲ್ಲ ಬಡಿಸಿದರು, ತಾವು ಉಣ್ಣಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಮರುದಿನ ಬೆಳಿಗ್ಗೆ ಆ ಕಾರ್ಯಕ್ರಮ ಮೊಬೈಲ್‌ನಲ್ಲಿ ಸಿಕ್ಕಿತು. ಸರೋಜಕ್ಕನ ಹತ್ತಿರ ತೆಗೆದುಕೊಂಡು ಹೋದೆ. ಪರದೆಯ ತುಂಬ ನಿಂಗಣ್ಣ. ಹೆಸರು ಸರಿಯಾಗಿತ್ತು, ಕೆಳಗೆ ‘ರಾಣೆಬೆನ್ನೂರು’ ಅಂತಲೂ ಇತ್ತು. ಕಣ್ಣು ಮಿಟುಕಿಸುವುದರೊಳಗೆ ಮುಂದಿನವರು ಬಂದರು.

“ಅವ್ರನ್ನ ನಿಲ್ಲಸಾಕ ಬರ್ತೈತೇನು?”

“ಬರ್ತೈತ್ರಿ ಅಕ್ಕಾರ.” ಹಿಂದಕ್ಕೆ ಹೋಗಿ ನಿಲ್ಲಿಸಿದೆ.

ಈ ಸಲ ಸರೋಜಕ್ಕ ಕೈ ಮುಗಿಯಲಿಲ್ಲ. ನೋಡುತ್ತ ಕೂತರು. ಫೋನ್ ಮಂಕಾದಾಗಲೆಲ್ಲ ನಾನು ಬೆರಳು ತಾಗಿಸುತ್ತಿದ್ದೆ.

“ಕಾಲರ್ ನೋಡು, ಹೆಂಗ ಮಡಚೇತಿ. ಫೋಟೋ ತೆಗಸೂ ಮುಂದ ಹೇಳಿದ್ದೆ, ಕೇಳಲೇ ಇಲ್ಲ” ಅಂದವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬಹಳ ಹೊತ್ತಿನ ಮೇಲೆ, “ಸಾಕು. ಇನ್ನ ಹೋಗ್ಲಿ ಅವ್ರು” ಅಂದರು. ಒಳಗೆ ಹೋಗಿ ನಿನ್ನೆಯ ಹೋಳಿಗೆ ತಂದು ನನ್ನೆದುರಿಗೇ ತಿಂದರು.

ಚಾನೆಲ್‌ನವರೇ, ನೀವು ಸುಧಾರಿಸಿದ್ದೀರಿ, ಒಪ್ಪಿದೆ. ಹೆಂಡತಿಯೊಬ್ಬಳು ಬಗ್ಗಿ ಏಳುವಷ್ಟು ಹೊತ್ತು ಆ ಮುಖವನ್ನು ಅಲ್ಲೇ ಬಿಟ್ಟರೆ, ನಿಮ್ಮ ಡ್ಯಾನ್ಸ್‌ಗೆ ಏನು ಕಡಿಮೆಯಾದೀತು?