ಹಜ್ಜಿಯಾರ ಗೋಡೆಯ ಬಿಳಿ

ಬಿಳಿ ಬಣ್ಣದ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಹರೈನಿನ ಒಂದು ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಬಿಳಿಯನ್ನು ನೋಡುವುದೇ ನನ್ನ ಕೆಲಸ. ಮದುವೆಗೆ ಹೋದರೂ ನನ್ನ ಕಣ್ಣು ಮದುಮಗಳಿಗಿಂತ ಮೊದಲು ಹಾಲ್‌ನ ಸೀಲಿಂಗಿಗೆ ಹೋಗುತ್ತದೆ. "ಬಿಳಿಯಲ್ಲಿ ಎಂತ ಬಿಳಿ ಮಾರಾಯ್ತಿ, ಎಲ್ಲ ಒಂದೇ ಅಲ್ವಾ?" ಎಂದು ಗಂಡ ಕೇಳಿದರೆ ಸಿಟ್ಟು ನೆತ್ತಿಗೇರುತ್ತದೆ. ನನ್ನ ಮನೆಮಾತು ಕೊಂಕಣಿ, ಅವರದು ತುಳು. ಹಾಗಾಗಿ ನಮ್ಮ ಜಗಳಗಳೆಲ್ಲ ಕನ್ನಡದಲ್ಲೇ ನಡೆಯುತ್ತವೆ.

ಪೇಂಟಿನ ಬಿಳಿ ಎಂದರೆ ಟೈಟಾನಿಯಂ ಡೈಆಕ್ಸೈಡ್. ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಅಲೆಗಳು ಅಲ್ಲಲ್ಲಿ ಕಪ್ಪು ಮರಳನ್ನು ತಂದು ಬಿಡುತ್ತವೆ. ಅದನ್ನು ಕಾಲಿಗೆ ಮೆತ್ತಿಕೊಂಡು ಮನೆಗೆ ಬಂದು ನಾನು ಅಮ್ಮನಿಂದ ಎಷ್ಟು ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ. ಆ ಕಪ್ಪಿನಲ್ಲಿ ಇಲ್ಮನೈಟ್ ಎಂಬ ಖನಿಜವಿರುತ್ತದೆ, ಅದರೊಳಗೆ ಕಬ್ಬಿಣವೂ ಟೈಟಾನಿಯಮ್ಮೂ ಜೊತೆಯಾಗಿರುತ್ತವೆ. ಕಬ್ಬಿಣವನ್ನು ಬೇರ್ಪಡಿಸಿ ಶುದ್ಧ ಮಾಡಿದರೆ ಸಿಗುವುದು ಅಕ್ಕಿಹಿಟ್ಟಿನಂಥ ಬಿಳಿ ಪುಡಿ. ಕಾಲೇಜಿನಲ್ಲಿ ಇದನ್ನು ಓದಿದ ದಿನ ನನಗೆ ಅಮ್ಮನಿಗೆ ಹೇಳಬೇಕೆನಿಸಿತ್ತು, ಹೇಳಿದೆ ಕೂಡ. "ಹಾಗಾದ್ರೆ ಆ ಹೊಸಿಲು ನೀನೇ ತೊಳಿ" ಅಂದರು.

ಈ ಪುಡಿಯಲ್ಲೂ ಜಾತಿಗಳಿವೆ. ಸೂತ್ರ ಒಂದೇ, ಹರಳಿನೊಳಗೆ ಪರಮಾಣುಗಳು ಕೂತ ರೀತಿ ಬೇರೆ. ಪೇಂಟಿನವರಿಗೆ ಬೇಕಾದದ್ದು ಎರಡು: ಅನಾಟೇಸ್ ಮತ್ತು ರುಟೈಲ್. ಅನಾಟೇಸಿನ ಬಿಳಿಯಲ್ಲಿ ನೀಲಿಯ ಸುಳಿವಿದೆ, ನೋಡಲು ತಂಪು. ರುಟೈಲಿನಲ್ಲಿ ಒಂದು ಎಳೆ ಹಳದಿ. ಆದರೆ ಬಿಸಿಲಿಗೆ ಬೀಳುವ ಗೋಡೆಗೆ ರುಟೈಲೇ ಆಗಬೇಕು. ಅನಾಟೇಸ್ ಬಿಸಿಲು ತಾಗಿದಾಗ ತನ್ನನ್ನು ಗೋಡೆಗೆ ಹಿಡಿದಿಟ್ಟಿರುವ ಅಂಟನ್ನೇ ಮೆಲ್ಲಗೆ ಹಾಳು ಮಾಡುತ್ತದೆ, ಕೊನೆಗೆ ತಾನೇ ಪುಡಿಯಾಗಿ ಉದುರುತ್ತದೆ. ಲ್ಯಾಬಿಗೆ ಹೊಸದಾಗಿ ಸೇರಿದವರಿಗೆಲ್ಲ ಈ ಪಾಠ ಮಾಡುವವಳು ನಾನೇ.

ನಾವಿರುವುದು ಮುಹರ್ರಕ್‌ನ ಒಂದು ಹಳೆಯ ಮನೆಯ ಮೇಲಂತಸ್ತಿನಲ್ಲಿ. ಕೆಳಗೆ ಮನೆಯೊಡತಿ, ಎಪ್ಪತ್ತು ದಾಟಿದ ಬಹರೈನಿ ಹೆಂಗಸು. ಹಜ್ ಯಾತ್ರೆ ಮಾಡಿ ಬಂದವರಾದ್ದರಿಂದ ಗಲ್ಲಿಯವರೆಲ್ಲ ಹಜ್ಜಿಯಾ ಎಂದು ಕರೆಯುತ್ತಾರೆ, ನಾನೂ ಹಾಗೇ. ಗಂಡನ ಅಂಗಡಿಯಲ್ಲಿ ಕಲಿತ ಹಿಂದಿಗೆ ಅರಬ್ಬಿ ಬೆರೆಸಿ ಮಾತಾಡುತ್ತಾರೆ. ಸಂಜೆ ಬಿಸಿಲು ಇಳಿದ ಮೇಲೆ ಹೊರಗೋಡೆಗೆ ಸೇರಿಸಿ ಕಟ್ಟಿದ ಜಗಲಿಯಲ್ಲಿ, ಕಪ್ಪು ಅಬಾಯಾ ತೊಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂರುವುದು ಅವರ ಅಭ್ಯಾಸ. ಕೆಲಸದಿಂದ ಬಂದವಳು ಬ್ಯಾಗ್ ಕೆಳಗಿಟ್ಟು ಅವರ ಪಕ್ಕ ಕೂತರೆ ಪುಟ್ಟ ಗಾಜಿನ ಲೋಟದಲ್ಲಿ ಕೇಸರಿ ಹಾಕಿದ ಚಹಾ. ಅಮ್ಮ ತೀರಿಕೊಂಡ ಮೇಲೆ, ಊಟ ಆಯ್ತಾ ಎಂದು ನನ್ನನ್ನು ದಿನಾ ಕೇಳುತ್ತಿದ್ದವರು ಅವರೊಬ್ಬರೇ.

ಆ ಗೋಡೆ ಉಪ್ಪುಗಾಳಿಗೆ ಮಂಕಾಗಿತ್ತು. ಒಮ್ಮೆ ಲ್ಯಾಬಿನಲ್ಲಿ ಟ್ರಯಲ್ ಮಾಡಿದ ಪೇಂಟ್ ಉಳಿದಿತ್ತು, ಮೇಲಿನವರನ್ನು ಕೇಳಿ ತಂದೆ. ಎರಡು ಡಬ್ಬಿಗಳಲ್ಲಿ ಒಂದು ರುಟೈಲ್, ಇನ್ನೊಂದು ಸೀಲಿಂಗಿಗೆಂದು ಮಾಡಿದ ಅನಾಟೇಸ್. ಎರಡನ್ನೂ ಗೋಡೆಯ ಮೇಲೆ ಒಂದೊಂದು ಪಟ್ಟಿ ಎಳೆದು ನೋಡಿದೆ. ಅನಾಟೇಸ್ ಹೊಳೆಯಿತು, ರುಟೈಲ್ ಅದರ ಪಕ್ಕದಲ್ಲಿ ನಿನ್ನೆಯ ಅನ್ನದಂತೆ ಕಂಡಿತು. ಗೊತ್ತಿದ್ದೂ ಗೊತ್ತಿದ್ದೂ, ಒಂದು ಸಣ್ಣ ಗೋಡೆ ತಾನೇ, ಏನಾದೀತು ಎಂದು ಹೊಳೆಯುವುದನ್ನೇ ಆರಿಸಿಕೊಂಡೆ. ಒಂದು ಶುಕ್ರವಾರ ನಾನೇ ರೋಲರ್ ಹಿಡಿದು ಎರಡು ಕೋಟ್ ಬಳಿದೆ. ಹಜ್ಜಿಯಾ "ಮಾಶಾಲ್ಲಾ" ಎನ್ನುತ್ತ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ನಾನು ಉಬ್ಬಿಹೋದೆ.

ಮರುವರ್ಷದ ಬೇಸಿಗೆ ಕಳೆದು ಹವೆ ತಂಪಾದರೂ ಅವರು ಜಗಲಿಗೆ ಬರಲಿಲ್ಲ. ಮೊದಲು ಮಂಡಿನೋವು ಅಂದರು, ಆಮೇಲೆ ಸೊಳ್ಳೆ ಅಂದರು. ಬಾಗಿಲಲ್ಲಿ ನಿಂತೇ ಮಾತಾಡಿಸಿ ಒಳಗೆ ಹೋಗಿಬಿಡುತ್ತಿದ್ದರು. ನನ್ನಿಂದ ಏನೋ ತಪ್ಪಾಗಿದೆ ಎಂದು ತಲೆ ಕೆಡಿಸಿಕೊಂಡೆ. ನಾವಿರುವ ಮೇಲಿನ ಮನೆ ಅವರ ಮೊಮ್ಮಗನಿಗೆ ಬೇಕಾಗಿರಬಹುದೇ, ನಮ್ಮ ಮೀನು ಸಾರಿನ ವಾಸನೆಯೇ? "ಸುಮ್ನೆ ಕೇಳ್ಬಾರ್ದಾ?" ಅಂದರು ಗಂಡ. ಕೇಳಲು ನನಗೆ ಹೆದರಿಕೆ. ಸಂಜೆಗಳು ಬಿಕೋ ಎನ್ನುತ್ತಿದ್ದವು. ಒಂದು ದಿನ ಬೆಳಿಗ್ಗೆ ಕಂಪನಿ ಬಸ್ಸಿಗೆ ಕಾಯುತ್ತ ಅದೇ ಜಗಲಿಯಲ್ಲಿ ಒಬ್ಬಳೇ ಕೂತಿದ್ದೆ.

ಲ್ಯಾಬಿಗೆ ಕಾಲಿಟ್ಟ ತಕ್ಷಣ ಜೊತೆಯ ಹುಡುಗಿ ನನ್ನ ಬೆನ್ನು ನೋಡಿ ನಕ್ಕಳು. ನನ್ನ ಕಡುನೀಲಿ ಕುರ್ತಾದ ಬೆನ್ನ ತುಂಬ ಬಿಳಿ. ಗೋಡೆಯ ಬಣ್ಣ ಪುಡಿಯಾಗುತ್ತಿದೆಯೇ ಎಂದು ತಿಳಿಯಲು ನಾವು ಅದರ ಮೇಲೆ ಕಪ್ಪು ಮಖಮಲ್ ಬಟ್ಟೆ ಒತ್ತಿ ನೋಡುತ್ತೇವೆ. ಆ ಪರೀಕ್ಷೆಯನ್ನು ನನ್ನ ಗೋಡೆಯ ಮೇಲೆ ಹಜ್ಜಿಯಾ ನನಗಿಂತ ಮೊದಲೇ ತಮ್ಮ ಅಬಾಯಾದಲ್ಲಿ ಮಾಡಿದ್ದರು. ನಾಚಿಕೆಯಿಂದ ನನಗೆ ಆ ದಿನ ಊಟ ಸೇರಲಿಲ್ಲ.

ಸಂಜೆ ನೇರ ಅವರ ಬಾಗಿಲು ತಟ್ಟಿದೆ. "ಹಜ್ಜಿಯಾ, ತಪ್ಪು ಗೋಡೆಯದಲ್ಲ, ನನ್ನದು. ಒಳಗೆ ಬಳಿಯುವ ಬಣ್ಣ ಹೊರಗೆ ಬಳಿದೆ. ಗೊತ್ತಿದ್ದೇ ಬಳಿದೆ" ಎಂದೆ.

ಅವರು ನನ್ನ ಕೈ ಹಿಡಿದು ಒಳಗೆ ಕೂರಿಸಿದರು. ಸಾವಿನ ಮನೆಯೊಂದಕ್ಕೆ ಹೋದಾಗ ಹೆಂಗಸರು ಅವರ ಬೆನ್ನು ಕೊಡವಿದ್ದರಂತೆ, ಆಗಲೇ ಗೊತ್ತಾಯಿತಂತೆ. ಬೆನ್ನಿಗೆ ಆಸರೆಯಿಲ್ಲದೆ ಕೂರಲು ಆಗುವುದಿಲ್ಲ, ಒರಗಿದರೆ ಬಿಳಿ. ಅವರ ಮಗಳು ಪೇಂಟರನ್ನು ಕರೆಸುತ್ತೇನೆ ಎಂದಾಗ ಬೇಡ ಎಂದರಂತೆ.

"ನನಗೆ ಯಾಕೆ ಹೇಳಲಿಲ್ಲ?"

"ಯಾ ಬಿಂತಿ, ನನ್ನ ಮಗಳೇ, ನೀನು ನಿನ್ನ ಕೈಯಾರೆ ಬಳಿದೆ. ಅದು ಚೆನ್ನಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಖಲ್ಲಿ ವಲ್ಲಿ, ಹೋಗಲಿ ಬಿಡು ಅಂದುಕೊಂಡೆ. ಒಳಗೇ ಕೂತೆ."

ನನಗೆ ಅಳು ಬಂತು. ಅತ್ತುಬಿಟ್ಟೆ ಕೂಡ.

ಮುಂದಿನ ಶುಕ್ರವಾರ ಗಂಡನೂ ನಾನೂ ಗೋಡೆ ಉಜ್ಜಿ ತೊಳೆದು, ಒಣಗಿಸಿ, ಪ್ರೈಮರ್ ಬಳಿದು, ಮೇಲೆ ರುಟೈಲ್ ಹಚ್ಚಿದೆವು. ಹಜ್ಜಿಯಾ ಕುರ್ಚಿ ಹಾಕಿಸಿಕೊಂಡು ಮೇಸ್ತ್ರಿಯಂತೆ ಕೂತಿದ್ದರು. ಮುಗಿದ ಮೇಲೆ ಕಣ್ಣು ಕಿರಿದು ಮಾಡಿ ನೋಡಿ, "ಮೊದಲಿನದೇ ಚೆಂದ ಇತ್ತು" ಅಂದರು. ಗಂಡ ನಕ್ಕು ನಕ್ಕು ಬ್ರಷ್ ಕೆಳಗೆ ಬಿಟ್ಟರು. ನನಗೂ ಹಾಗೇ ಅನಿಸಿತ್ತು, ಆದರೆ ಬಾಯಿ ಬಿಡಲಿಲ್ಲ.

ಅದಾಗಿ ಎರಡು ಬೇಸಿಗೆ ಕಳೆದಿವೆ. ಹಜ್ಜಿಯಾ ಈಗ ದಿನಾ ಜಗಲಿಯಲ್ಲಿರುತ್ತಾರೆ, ಚಹಾ ಇದೆ, ಊಟ ಆಯ್ತಾ ಎಂಬ ಪ್ರಶ್ನೆಯೂ ಇದೆ. ಸಂಜೆಯ ಮಗ್ರಿಬ್ ನಮಾಜಿನ ಬಾಂಗ್ ಕೇಳಿದ ಕೂಡಲೇ ಎದ್ದು ನನಗೆ ಬೆನ್ನು ತಿರುಗಿಸಿ ನಿಂತು "ಶೂಫಿ" ಅನ್ನುತ್ತಾರೆ, ನೋಡು ಎಂದು. ನೋಡುತ್ತೇನೆ. ಪೂರಾ ಕಪ್ಪು, ಒಂದು ಕಣವೂ ಇಲ್ಲ. ಆದರೂ ಅಂಗೈಯಿಂದ ಒಮ್ಮೆ ಕೊಡವುತ್ತೇನೆ. ಅದು ಮುಗಿಯುವವರೆಗೆ ಅವರು ನಿಂತಿರುತ್ತಾರೆ.